ಸಂಚಾರಿ ಆಟಗಾರ (ಬ್ಯಾಸ್ಕೆಟ್‌ಬಾಲ್)

ಒಂದೇ ತಂಡದಲ್ಲಿ ಬಹುಕಾಲ ನೆಲೆ ನಿಲ್ಲದೆ, ಅಲ್ಪಾವಧಿಯ ಒಪ್ಪಂದಗಳ ಮೇಲೆ ತಂಡದಿಂದ ತಂಡಕ್ಕೆ, ಲೀಗಿನಿಂದ ಲೀಗಿಗೆ, ಎಷ್ಟೋ ವೇಳೆ ದೇಶದಿಂದ ದೇಶಕ್ಕೆ ಸಾಗುತ್ತ ಆಟದಿಂದಲೇ ಜೀವನ ನಡೆಸುವ ಬ್ಯಾಸ್ಕೆಟ್‌ಬಾಲ್ ಪಟುವನ್ನು ಸಂಚಾರಿ ಆಟಗಾರ ಎನ್ನಲಾಗುತ್ತದೆ. ಆತನ ಆಟ ಲೀಗಿನ ಮಟ್ಟಕ್ಕೆ ಸಾಕಾಗುತ್ತದೆ. ಆದರೆ ಅವನೊಬ್ಬನನ್ನೇ ನೆಚ್ಚಿ ತಂಡ ಹಲವು ವರ್ಷಗಳ ಯೋಜನೆ ಹಾಕುವುದಿಲ್ಲ. ಒಬ್ಬರು ಗಾಯಗೊಂಡಾಗ, ಇನ್ನೊಬ್ಬರನ್ನು ಮಾರಿದಾಗ, ಋತುವಿನ ನಡುವೆ ಗೆಲುವು ಕೈತಪ್ಪುತ್ತಿರುವಾಗ ಅವನಿಗೆ ಕರೆ ಬರುತ್ತದೆ.

ಈ ಲೇಖನದಲ್ಲಿ ಮೂರು ಪದಗಳನ್ನು ಬೇರೆಬೇರೆ ಅರ್ಥದಲ್ಲಿ ಬಳಸಿದೆ. ಒಪ್ಪಂದವೇ ಏಕೈಕ ಆಧಾರವಾಗಿ ತಂಡ ಬದಲಿಸುವವನು ಸಂಚಾರಿ ಆಟಗಾರ. ರೈಲ್ವೆ, ಬ್ಯಾಂಕು, ತೈಲ ನಿಗಮ, ಪೊಲೀಸ್ ಮೊದಲಾದ ಸಂಸ್ಥೆಯ ಖಾಯಂ ನೌಕರನಾಗಿದ್ದು ಅದರ ತಂಡಕ್ಕೆ ಆಡುವವನು ಇಲಾಖಾ ಆಟಗಾರ. ಒಂದು ಪಂದ್ಯಾವಳಿಯ ಮಟ್ಟಿಗೆ ಮಾತ್ರ ಬೇರೊಂದು ತಂಡಕ್ಕೆ ಆಡುವವನು ಅತಿಥಿ ಆಟಗಾರ. ಭಾರತದಲ್ಲಿ ಇಲಾಖಾ ಆಟಗಾರನೇ ಅತಿಥಿ ಆಟಗಾರನೂ ಆಗಿರುವುದು ಸಾಮಾನ್ಯ.

ಹುಟ್ಟು ಮತ್ತು ಬೆಳವಣಿಗೆ

ಬ್ಯಾಸ್ಕೆಟ್‌ಬಾಲ್ ಆಟವನ್ನು ಜೇಮ್ಸ್ ನೈಸ್ಮಿತ್ 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ರೂಪಿಸಿದ. ಐದು ವರ್ಷ ಕಳೆಯುವಷ್ಟರಲ್ಲಿ, 1896ರಲ್ಲಿ, ನ್ಯೂಜೆರ್ಸಿಯ ಟ್ರೆಂಟನ್ ತಂಡ ಟಿಕೆಟ್ ಹಣವನ್ನು ಆಟಗಾರರಿಗೆ ಹಂಚಿತು. ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ನ ಆರಂಭವನ್ನು ಸಾಮಾನ್ಯವಾಗಿ ಇಲ್ಲಿಂದಲೇ ಎಣಿಸುತ್ತಾರೆ. ಆಗ ಸಂಬಳ ಪಂದ್ಯಕ್ಕೆ ಇಷ್ಟೆಂದು ಗೊತ್ತಾಗಿರುತ್ತಿತ್ತು. ಒಬ್ಬ ಆಟಗಾರ ಒಂದೇ ಚಳಿಗಾಲದಲ್ಲಿ ಹಲವು ತಂಡಗಳಿಗೆ ಆಡುವುದಕ್ಕೆ ಅಡ್ಡಿಯಿರಲಿಲ್ಲ. ಹೆಚ್ಚು ಹಣ ಕೊಟ್ಟವರ ಅಂಗಿ ತೊಡುತ್ತಿದ್ದ. ಆದ್ದರಿಂದ ಮೊದಲ ತಲೆಮಾರಿನ ವೃತ್ತಿಪರರಲ್ಲಿ ಹೆಚ್ಚಿನವರು ಸಂಚಾರಿಗಳೇ. 1920ರ ದಶಕದಲ್ಲಿ ನ್ಯೂಯಾರ್ಕಿನ ಒರಿಜಿನಲ್ ಸೆಲ್ಟಿಕ್ಸ್ ತಂಡ ಆಟಗಾರರನ್ನು ತನಗೆ ಮಾತ್ರ ಕಟ್ಟಿಹಾಕುವ ಋತುವಾರು ಒಪ್ಪಂದಗಳನ್ನು ತಂದ ಮೇಲೆ ಈ ಪದ್ಧತಿ ಬದಲಾಯಿತು.

1946ರಲ್ಲಿ ಆರಂಭವಾದ ಅಮೆರಿಕದ ಬಿಎಎ ಲೀಗು 1949ರಲ್ಲಿ ಪ್ರತಿಸ್ಪರ್ಧಿ ಲೀಗಿನೊಂದಿಗೆ ಸೇರಿ ಎನ್‌ಬಿಎ ಆಯಿತು. ಅದರ ಮೊದಲ ದಶಕಗಳಲ್ಲಿ ಒಪ್ಪಂದ ಮುಗಿದರೂ ಆಟಗಾರನ ಮೇಲಿನ ಹಕ್ಕು ತಂಡದ ಬಳಿಯೇ ಉಳಿಯುತ್ತಿತ್ತು. ಹೀಗಾಗಿ ಊರು ಬದಲಿಸುವುದು ಆಟಗಾರನ ಇಚ್ಛೆಯಾಗಿರದೆ ಮಾಲೀಕನ ತೀರ್ಮಾನವಾಗಿತ್ತು. ಆಟಗಾರರ ಸಂಘದ ಅಧ್ಯಕ್ಷ ಆಸ್ಕರ್ ರಾಬರ್ಟ್‌ಸನ್ ಹೆಸರಿನಲ್ಲಿ 1970ರಲ್ಲಿ ಹೂಡಿದ ಮೊಕದ್ದಮೆ 1976ರಲ್ಲಿ ರಾಜಿಯಾಗಿ, ಈ ಹಿಡಿತ ಸಡಿಲವಾಯಿತು. 1988ರಿಂದ ಅನುಭವಿ ಆಟಗಾರರಿಗೆ ಒಪ್ಪಂದ ಮುಗಿದೊಡನೆ ಯಾವ ತಂಡವನ್ನಾದರೂ ಸೇರುವ ಪೂರ್ಣ ಸ್ವಾತಂತ್ರ್ಯ ದೊರೆಯಿತು. ಈ ಸ್ವಾತಂತ್ರ್ಯದ ಲಾಭ ತಾರೆಯರಿಗೆ ಹಣದ ರೂಪದಲ್ಲಿ ಬಂತು. ಮಧ್ಯಮ ದರ್ಜೆಯವರಿಗೆ ಬಂದದ್ದು ಮುಖ್ಯವಾಗಿ ಓಡಾಟ. ಯುರೋಪಿನಲ್ಲಿ 1995ರ ಬೋಸ್ಮನ್ ತೀರ್ಪು ಇದೇ ಕೆಲಸ ಮಾಡಿತು. ತೀರ್ಪು ಫುಟ್‌ಬಾಲ್ ಆಟಗಾರನೊಬ್ಬನದಾದರೂ ಯುರೋಪಿಯನ್ ಒಕ್ಕೂಟದ ದೇಶಗಳ ಬ್ಯಾಸ್ಕೆಟ್‌ಬಾಲ್ ಲೀಗುಗಳಲ್ಲಿಯೂ ಗಡಿಗಳು ತೆರೆದುಕೊಂಡವು.

ಒಪ್ಪಂದಗಳ ರಚನೆ

ಸಂಚಾರಿ ಆಟಗಾರನ ಬದುಕನ್ನು ಒಪ್ಪಂದದ ಅವಧಿ ನಿರ್ಧರಿಸುತ್ತದೆ. ಎನ್‌ಬಿಎಯಲ್ಲಿ 30 ತಂಡಗಳಿವೆ. ಪ್ರತಿ ತಂಡದ ಪಟ್ಟಿಯಲ್ಲಿ 15 ಸಾಮಾನ್ಯ ಸ್ಥಾನಗಳು. ಅವುಗಳಲ್ಲಿ ಕೊನೆಯ ಮೂರು ನಾಲ್ಕು ಸ್ಥಾನಗಳು ವರ್ಷವಿಡೀ ಕೈ ಬದಲಾಯಿಸುತ್ತಿರುತ್ತವೆ. ಖಾತರಿಯಿಲ್ಲದ ಒಪ್ಪಂದ ಪಡೆದವನನ್ನು ನಿಗದಿತ ದಿನಾಂಕದೊಳಗೆ ಬಿಡುಗಡೆ ಮಾಡಿದರೆ ಉಳಿದ ಸಂಬಳ ಕೊಡಬೇಕಿಲ್ಲ. ಜನವರಿ 5ರಿಂದ ತಂಡಗಳು ಹತ್ತು ದಿನಗಳ ಒಪ್ಪಂದ ನೀಡಬಹುದು. ಒಂದು ಋತುವಿನಲ್ಲಿ ಒಬ್ಬನಿಗೆ ಒಂದೇ ತಂಡ ಇಂಥ ಎರಡು ಒಪ್ಪಂದಗಳನ್ನಷ್ಟೇ ಕೊಡಲು ಸಾಧ್ಯ. ಅನಂತರ ಉಳಿದ ಋತುವಿಗೆ ಅವನನ್ನು ಇಟ್ಟುಕೊಳ್ಳಬೇಕು, ಇಲ್ಲವೇ ಬಿಟ್ಟುಬಿಡಬೇಕು. 2017–18ರಲ್ಲಿ ಬಂದ ದ್ವಿಮುಖ ಒಪ್ಪಂದದ ಪ್ರಕಾರ ಆಟಗಾರ ಎನ್‌ಬಿಎ ತಂಡಕ್ಕೂ ಅದರ ಅಂಗಸಂಸ್ಥೆಯಾದ ಜಿ ಲೀಗ್ ತಂಡಕ್ಕೂ ಆಡುತ್ತಾನೆ. 2001ರಲ್ಲಿ ಅಭಿವೃದ್ಧಿ ಲೀಗ್ ಆಗಿ ಹುಟ್ಟಿದ ಜಿ ಲೀಗ್‌ನಲ್ಲಿ ಸಾಮಾನ್ಯ ಆಟಗಾರನ ಋತುವಿನ ಸಂಬಳ ಈಚಿನ ವರ್ಷಗಳಲ್ಲಿ 40 ಸಾವಿರ ಡಾಲರುಗಳ ಆಸುಪಾಸಿನಲ್ಲಿದೆ. ವಿದೇಶಿ ಲೀಗುಗಳು ಇದಕ್ಕಿಂತ ಹೆಚ್ಚು ಕೊಡಬಲ್ಲವು. ಜಿ ಲೀಗ್‌ನಲ್ಲಿ ಉಳಿದವರು ಎನ್‌ಬಿಎ ಕರೆ ಬಂದೀತೆಂದು ಕಾಯುವವರು.

ದೇಶ ದಾಟುವಾಗ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಬಾದ ನಿಯಮಗಳು ಅನ್ವಯಿಸುತ್ತವೆ. ಆಟಗಾರ ಕೊನೆಯದಾಗಿ ಆಡಿದ ದೇಶದ ಒಕ್ಕೂಟ, ಆತ ಯಾವ ತಂಡಕ್ಕೂ ಬಾಧ್ಯನಲ್ಲ ಎಂದು ಬಿಡುಗಡೆ ಪತ್ರ ನೀಡಬೇಕು. ಅದು ಕೈಸೇರುವವರೆಗೆ ಹೊಸ ತಂಡದ ಪರ ಅಂಕಣಕ್ಕಿಳಿಯುವಂತಿಲ್ಲ. ಮಾತುಕತೆ ನಡೆಸುವ ಏಜೆಂಟರಿಗೂ ಫಿಬಾದ ಪರವಾನಗಿ ಬೇಕು. ಸಂಬಳ ತಡವಾಗುವುದು, ಅರ್ಧಕ್ಕೆ ನಿಲ್ಲುವುದು, ಗಾಯಗೊಂಡವನನ್ನು ಮನೆಗೆ ಕಳಿಸಿ ಒಪ್ಪಂದವನ್ನೇ ನಿರಾಕರಿಸುವುದು ಈ ವೃತ್ತಿಯ ಹಳೆಯ ಪಿಡುಗು. ಇಂಥ ವ್ಯಾಜ್ಯಗಳಿಗಾಗಿ 2007ರಲ್ಲಿ ಜಿನೀವಾದಲ್ಲಿ ಪಂಚಾಯ್ತಿ ಮಂಡಳಿ ಸ್ಥಾಪನೆಯಾಯಿತು; ಈಗ ಅದರ ಹೆಸರು ಬ್ಯಾಸ್ಕೆಟ್‌ಬಾಲ್ ಆರ್ಬಿಟ್ರಲ್ ಟ್ರಿಬ್ಯೂನಲ್. ಒಪ್ಪಂದದಲ್ಲಿ ಈ ಮಂಡಳಿಯನ್ನು ಹೆಸರಿಸುವ ಒಂದು ಕಲಮು ಇದ್ದರೆ ಮಾತ್ರ ಅಲ್ಲಿಗೆ ಹೋಗಬಹುದು. ಆದ್ದರಿಂದ ತಿಳಿವಳಿಕೆಯುಳ್ಳ ಏಜೆಂಟ್ ಮೊದಲು ನೋಡುವುದು ಆ ಕಲಮನ್ನೇ.

ಬಗೆಗಳು

ಒಂದೇ ದೊಡ್ಡ ಲೀಗಿನೊಳಗೆ ತಂಡ ಬದಲಿಸುತ್ತ ಹೋಗುವವರು ಮೊದಲ ಬಗೆ. ಈ ವಿಷಯದಲ್ಲಿ ಎನ್‌ಬಿಎ ದಾಖಲೆ ಇಶ್ ಸ್ಮಿತ್ ಅವರದು. 2010ರಲ್ಲಿ ಯಾವ ತಂಡವೂ ಹೊಸಬರ ವಾರ್ಷಿಕ ಆಯ್ಕೆಯಾದ ಡ್ರಾಫ್ಟ್‌ನಲ್ಲಿ ಆರಿಸದ ಈ ಗಾರ್ಡ್ 13 ಬೇರೆಬೇರೆ ತಂಡಗಳಿಗೆ ಆಡಿದರು. ಹದಿಮೂರನೆಯದಾದ ಡೆನ್ವರ್ ನಗೆಟ್ಸ್ 2023ರಲ್ಲಿ ಪ್ರಶಸ್ತಿ ಗೆದ್ದಾಗ ಅವರು ಆ ತಂಡದಲ್ಲಿದ್ದರು. ಅದಕ್ಕೆ ಮೊದಲು ಚಕ್ಕಿ ಬ್ರೌನ್, ಜಿಮ್ ಜ್ಯಾಕ್ಸನ್, ಟೋನಿ ಮಾಸೆನ್‌ಬರ್ಗ್, ಜೋ ಸ್ಮಿತ್ ತಲಾ 12 ತಂಡಗಳಿಗೆ ಆಡಿ ದಾಖಲೆಯನ್ನು ಹಂಚಿಕೊಂಡಿದ್ದರು.

ಎರಡನೆಯದು ಆಮದು ಆಟಗಾರರ, ಅಂದರೆ ಹೊರದೇಶದಿಂದ ಕರೆಸಿದವರ, ಬಗೆ. ಏಷ್ಯಾದ ಹೆಚ್ಚಿನ ಲೀಗುಗಳು ವಿದೇಶಿಯರ ಸಂಖ್ಯೆಗೆ ಮಿತಿ ಹಾಕಿವೆ. 1975ರಲ್ಲಿ ಆರಂಭವಾದ ಫಿಲಿಪ್ಪೀನ್ಸ್‌ನ ಪಿಬಿಎ ವರ್ಷವನ್ನು ಹಲವು ಪಂದ್ಯಾವಳಿಗಳಾಗಿ ಒಡೆದಿದೆ; ಒಂದರಲ್ಲಿ ಸ್ಥಳೀಯರಿಗೆ ಮಾತ್ರ ಅವಕಾಶ, ಉಳಿದವುಗಳಲ್ಲಿ ಆಮದು ಆಟಗಾರನ ಎತ್ತರಕ್ಕೂ ಮಿತಿಯುಂಟು. ಬೇರೆಡೆ ಎತ್ತರವೇ ಅರ್ಹತೆಯಾದರೆ ಇಲ್ಲಿ ಅದೇ ಅನರ್ಹತೆ. ಆಮದು ಆಟಗಾರ ಬೇಗನೆ ಫಲ ತೋರಿಸದಿದ್ದರೆ ಪಂದ್ಯಾವಳಿಯ ನಡುವೆಯೇ ಬದಲಾಗುತ್ತಾನೆ. ನೆಲೆ ಕಂಡುಕೊಂಡವರೂ ಇದ್ದಾರೆ: ಎನ್‌ಬಿಎ ಪಂದ್ಯ ಆಡಲಾಗದೆ ಜಿ ಲೀಗ್ ಮತ್ತು ಹೊರದೇಶಗಳಲ್ಲಿ ಸುತ್ತಿದ ಜಸ್ಟಿನ್ ಬ್ರೌನ್‌ಲೀ 2016ರಲ್ಲಿ ಮನಿಲಾದ ಬರಾಂಗೆ ಜಿನೆಬ್ರಾ ತಂಡಕ್ಕೆ ಬದಲಿಯಾಗಿ ಬಂದು ಅಲ್ಲಿಯೇ ನಿಂತರು. 2023ರಲ್ಲಿ ಫಿಲಿಪ್ಪೀನ್ಸ್ ಪೌರತ್ವ ಪಡೆದು, ಅದೇ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಆ ದೇಶಕ್ಕೆ ಚಿನ್ನ ಗೆದ್ದುಕೊಟ್ಟರು.

ಮೂರನೆಯದು ಋತು ಬದಲಿಸುವವರದು. ಇದರಲ್ಲಿ ಮಹಿಳೆಯರೇ ಹೆಚ್ಚು. 1997ರಲ್ಲಿ ಆಟ ಆರಂಭಿಸಿದ ಡಬ್ಲ್ಯುಎನ್‌ಬಿಎ ಬೇಸಿಗೆಯ ಲೀಗು. ಅಲ್ಲಿನ ಸಂಬಳ ಕಡಿಮೆಯಿದ್ದುದರಿಂದ ಹೆಸರಾಂತ ಆಟಗಾರ್ತಿಯರೂ ಚಳಿಗಾಲದಲ್ಲಿ ರಷ್ಯಾ, ಟರ್ಕಿ, ಚೀನಾಗಳಿಗೆ ಹೋಗಿ ಆಡುತ್ತಿದ್ದರು. 2022ರ ಫೆಬ್ರವರಿಯಲ್ಲಿ ಆ ಲೀಗಿನ ತಾರೆ ಬ್ರಿಟ್ನಿ ಗ್ರೈನರ್ ರಷ್ಯಾದಲ್ಲಿ ಬಂಧನಕ್ಕೊಳಗಾದದ್ದು ಇಂಥದೇ ಪ್ರಯಾಣದಲ್ಲಿ. ಅಂದರೆ ಈ ಆಟದಲ್ಲಿ ತಾರೆಯಾಗುವುದು ಪುರುಷನನ್ನು ಸಂಚಾರದಿಂದ ಬಿಡಿಸಿದರೂ ಮಹಿಳೆಯನ್ನು ಬಿಡಿಸಲಿಲ್ಲ.

ತಂಡದಲ್ಲಿ ಪಾತ್ರ

ಸಂಚಾರಿ ಆಟಗಾರನನ್ನು ತಂಡಗಳು ಒಂದು ಗೊತ್ತಾದ ಕೆಲಸಕ್ಕೆ ಕರೆಸುತ್ತವೆ: ಚೆಂಡನ್ನು ಕಳೆದುಕೊಳ್ಳದೆ ಆಟ ನಡೆಸುವ ಬದಲಿ ಗಾರ್ಡ್, ಮೂರು ಅಂಕದ ಗೆರೆಯಾಚೆಯಿಂದ ಎಸೆಯುವವನು, ರೀಬೌಂಡ್ ಹಿಡಿದು ಎದುರಾಳಿಯನ್ನು ತಡೆಯುವ ಸೆಂಟರ್. ಹೊಸ ತರಬೇತುದಾರನ ಆಟದ ಕ್ರಮವನ್ನು ಎರಡು ಮೂರು ಅಭ್ಯಾಸಗಳಲ್ಲಿ ಕಲಿಯಬಲ್ಲವನೇ ಈ ವೃತ್ತಿಯಲ್ಲಿ ಉಳಿಯುತ್ತಾನೆ. ಎಳೆಯ ಆಟಗಾರರಿಗೆ ಹೇಳಿಕೊಡುವುದು, ಅಭ್ಯಾಸದಲ್ಲಿ ಎದುರಾಳಿ ತಂಡದ ಆಟವನ್ನು ಅನುಕರಿಸಿ ತೋರಿಸುವುದು ಲೆಕ್ಕಪಟ್ಟಿಯಲ್ಲಿ ಕಾಣದ ಕೆಲಸಗಳು. ವಯಸ್ಸಾದ ಸಂಚಾರಿಯ ಒಪ್ಪಂದ ಎಷ್ಟೋ ಬಾರಿ ಅವುಗಳ ಬೆಲೆಯೇ ಆಗಿರುತ್ತದೆ.

ಭಾರತದ ಮಾದರಿ

ಬ್ಯಾಸ್ಕೆಟ್‌ಬಾಲ್ ಭಾರತಕ್ಕೆ ವೈಎಂಸಿಎ ಮೂಲಕ ಬಂತು. ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ಆರಂಭಿಸಿದ ದೈಹಿಕ ಶಿಕ್ಷಣ ಕಾಲೇಜು ಅದರ ಮುಖ್ಯ ಪ್ರಸಾರ ಕೇಂದ್ರವಾಯಿತು. ಪುರುಷರ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ 1934ರಲ್ಲಿ ದೆಹಲಿಯಲ್ಲಿ ನಡೆಯಿತು. ಭಾರತೀಯ ಬ್ಯಾಸ್ಕೆಟ್‌ಬಾಲ್ ಫೆಡರೇಶನ್ 1950ರಲ್ಲಿ ರೂಪುಗೊಂಡಿತು. ಭಾರತ ತಂಡ ಒಲಿಂಪಿಕ್ಸ್ ಆಡಿದ್ದು ಒಮ್ಮೆ ಮಾತ್ರ, 1980ರಲ್ಲಿ ಮಾಸ್ಕೋದಲ್ಲಿ.

ಕ್ಲಬ್ ಮಾಲೀಕರು ಹಣ ಹೂಡುವ ಸ್ಥಿರ ಲೀಗು ಭಾರತದಲ್ಲಿ ಬೆಳೆಯಲಿಲ್ಲ. ಆ ಜಾಗವನ್ನು ತುಂಬಿದ್ದು ಸರಕಾರಿ ನೌಕರಿ. ಕೇಂದ್ರ ಸರಕಾರದ ನಿಯಮಗಳಲ್ಲಿ ನೇರ ನೇಮಕಾತಿಯ ಗ್ರೂಪ್ ಸಿ ಹುದ್ದೆಗಳ ಶೇ. 5ರವರೆಗೆ ಕ್ರೀಡಾ ಕೋಟಾಕ್ಕೆ ಅವಕಾಶವಿದೆ. ರಾಷ್ಟ್ರೀಯ ಮತ್ತು ಅಂತರರಾಷ್ಟ್ರೀಯ ಪಂದ್ಯಗಳಿಗಾಗಿ ವರ್ಷಕ್ಕೆ 30 ದಿನಗಳವರೆಗೆ ವಿಶೇಷ ಸಾಂದರ್ಭಿಕ ರಜೆ ಸಿಗುತ್ತದೆ. ರೈಲ್ವೆ, ಸೇನೆ, ಒಎನ್‌ಜಿಸಿ, ಇಂಡಿಯನ್ ಓವರ್‌ಸೀಸ್ ಬ್ಯಾಂಕ್, ಆದಾಯ ತೆರಿಗೆ ಇಲಾಖೆ, ಪಂಜಾಬ್ ಪೊಲೀಸ್, ಕೇರಳ ರಾಜ್ಯ ವಿದ್ಯುತ್ ಮಂಡಳಿ ಮೊದಲಾದವು ದಶಕಗಳಿಂದ ತಂಡ ಕಟ್ಟಿವೆ. ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ವಿದ್ಯಾರ್ಥಿವೇತನದ ಮೇಲೆ ಸೇರಿ, ಪದಕಗಳ ಬಲದಿಂದ ಖಾಯಂ ಹುದ್ದೆ ಪಡೆದು, ಅರವತ್ತರವರೆಗೆ ಸಂಬಳ, ಬಳಿಕ ನಿವೃತ್ತಿ ಸೌಲಭ್ಯ ಪಡೆಯುವುದು ಇಲಾಖಾ ಆಟಗಾರನ ವೃತ್ತಿಕ್ರಮ.

ಆದರೆ ಆತ ಆಡುವ ಅಂಗಿ ಒಂದೇ ಅಲ್ಲ. ಹಿರಿಯರ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಸ್ಪರ್ಧಿಸುವುದು ರಾಜ್ಯಗಳು. ಜೊತೆಗೆ ರೈಲ್ವೆ ಮತ್ತು ಸೇನಾಪಡೆಗಳ ತಂಡವಾದ ಸರ್ವಿಸಸ್. ಹೀಗಾಗಿ ಡೆಹ್ರಾಡೂನಿನ ಒಎನ್‌ಜಿಸಿ ಆಟಗಾರರು ಅಲ್ಲಿ ಉತ್ತರಾಖಂಡವಾಗುತ್ತಾರೆ, ಚೆನ್ನೈನ ಬ್ಯಾಂಕ್ ಆಟಗಾರರು ತಮಿಳುನಾಡಾಗುತ್ತಾರೆ. ಇಲಾಖೆಯ ಹೆಸರಿನಲ್ಲಿ ಆಡುವುದು ಆಹ್ವಾನಿತ ಪಂದ್ಯಾವಳಿಗಳಲ್ಲಿ. ಮುಂಬೈನ ರಾಮು ಸ್ಮಾರಕ ಮತ್ತು ಸ್ಯಾವಿಯೊ ಕಪ್, ಕೊಯಮತ್ತೂರಿನ ನಾಚಿಮುತ್ತು ಗೌಂಡರ್ ಟ್ರೋಫಿ ಹಾಗೂ ಪಿಎಸ್‌ಜಿ ಟ್ರೋಫಿ ಇವುಗಳಲ್ಲಿ ಪ್ರಸಿದ್ಧ. ಬಹುಮಾನದ ಹಣ ದೊಡ್ಡದಲ್ಲ; ಪ್ರಯಾಣಭತ್ಯೆ, ವಸತಿ, ಇಲಾಖೆಯ ರಜೆ ಸೇರಿದರೆ ಲೆಕ್ಕ ಸರಿಹೋಗುತ್ತದೆ. ಸಂಚಾರ ಇದೆ, ಆದರೆ ಅದು ನೌಕರಿಯೆಂಬ ಗೂಟದ ಸುತ್ತ ಹಗ್ಗದಳತೆಯಲ್ಲಿ ನಡೆಯುವ ಸಂಚಾರ. ಪಾಶ್ಚಾತ್ಯ ಸಂಚಾರಿ ಆಟಗಾರನಿಗೂ ಭಾರತೀಯನಿಗೂ ಇರುವ ಮುಖ್ಯ ವ್ಯತ್ಯಾಸ ಇದೇ.

ವಾರಾಣಸಿ

ತನ್ನದೇ ವೃತ್ತಿಪರ ತಂಡವಿಲ್ಲದೆ ದೇಶದ ತಂಡಗಳಿಗೆ ಸತತವಾಗಿ ಆಟಗಾರರನ್ನು ಒದಗಿಸಿದ ಊರು ವಾರಾಣಸಿ. ಈ ಕಾರಣಕ್ಕೆ ಭಾರತೀಯ ಸಂಚಾರಿ ವೃತ್ತಿಯ ಅಧ್ಯಯನಕ್ಕೆ ಅದು ತಕ್ಕ ಉದಾಹರಣೆ.

ನಗರದ ಭೂರಚನೆಯಲ್ಲಿಯೇ ಅಂಕಣಗಳ ಸ್ಥಾನ ನಿರ್ಧಾರವಾಗಿದೆ. ಗಂಗೆಯ ಪಶ್ಚಿಮ ದಂಡೆಯ ಹಳೆಯ ಊರು ಗಲ್ಲಿಗಳದು. ಅದರ ದಕ್ಷಿಣ ಭಾಗದಲ್ಲಿ, ಹರಿಶ್ಚಂದ್ರ ಘಾಟಿಗೆ ಸ್ವಲ್ಪ ಉತ್ತರಕ್ಕೆ, ಕೇದಾರ ಘಾಟ್ ಇದೆ. ಗೌರಿ ಕೇದಾರೇಶ್ವರ ದೇವಾಲಯ, ಪಕ್ಕದ ಕುಮಾರಸ್ವಾಮಿ ಮಠ, ಕೆಂಪು ಬಿಳಿ ಪಟ್ಟೆ ಬಳಿದ ಮೆಟ್ಟಿಲುಗಳು ಅದರ ಗುರುತು.   ಪೂರ್ಣ ಬ್ಯಾಸ್ಕೆಟ್‌ಬಾಲ್ ಅಂಕಣಕ್ಕೆ 28 ಮೀಟರ್ ಉದ್ದ, 15 ಮೀಟರ್ ಅಗಲದ ಸಮತಟ್ಟು ಜಾಗ ಬೇಕು. ಮನೆಗೆ ಮನೆ ಅಂಟಿಕೊಂಡ, ಮೆಟ್ಟಿಲುಗಳಲ್ಲಿ ಹೊಳೆಗಿಳಿಯುವ ಈ ವಲಯದಲ್ಲಿ ಅಷ್ಟು ಜಾಗವಿಲ್ಲ. ಇಲ್ಲಿ ಉಳಿದು ಬಂದ ಕಸರತ್ತು ಚಿಕ್ಕ ಮಟ್ಟಿಯ ಅಖಾಡಗಳದು. ಆದ್ದರಿಂದ ಬ್ಯಾಸ್ಕೆಟ್‌ಬಾಲ್ ಬೆಳೆದದ್ದು ಹಳೆಯ ಊರಿನ ಹೊರಗಿನ ವಿಶಾಲ ಆವರಣಗಳಲ್ಲಿ: ದಕ್ಷಿಣಕ್ಕೆ ಬನಾರಸ್ ಹಿಂದೂ ವಿಶ್ವವಿದ್ಯಾಲಯ, ಪಶ್ಚಿಮಕ್ಕೆ ಸಿಗ್ರಾದ ಕ್ರೀಡಾಂಗಣ, ವಾಯವ್ಯಕ್ಕೆ ಭೋಜೂಬೀರ್ ಬಳಿಯ ಉದಯ ಪ್ರತಾಪ್ ಕಾಲೇಜು.

ಇವುಗಳಲ್ಲಿ ಉದಯ ಪ್ರತಾಪ್ ಕಾಲೇಜಿನ ಅಂಕಣವೇ ಮುಖ್ಯ. ಭಿಂಗಾದ ರಾಜ ಉದಯ ಪ್ರತಾಪ್ ಸಿಂಗ್ 1909ರಲ್ಲಿ ಸ್ಥಾಪಿಸಿದ, ಊರಿನವರು ಯು.ಪಿ. ಕಾಲೇಜು ಎಂದೇ ಕರೆಯುವ ಈ ಸಂಸ್ಥೆಯ ಮೈದಾನದಲ್ಲಿ ಸುತ್ತಲಿನ ಮಕ್ಕಳು ಆಟ ಕಲಿತರು. ಅಲ್ಲಿಂದ ಬಂದವರಲ್ಲಿ ಹೆಚ್ಚು ಹೆಸರಾದವರು ಸಿಂಗ್ ಸಹೋದರಿಯರು. ಹಿರಿಯರಾದ ಪ್ರಿಯಾಂಕಾ ತರಬೇತುದಾರರಾದರು; ದಿವ್ಯಾ, ಪ್ರಶಾಂತಿ, ಆಕಾಂಕ್ಷಾ, ಪ್ರತಿಮಾ ನಾಲ್ವರೂ ಭಾರತ ತಂಡಕ್ಕೆ ಆಡಿದರು. ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬ್ಯಾಸ್ಕೆಟ್‌ಬಾಲ್ ಮೊದಲ ಬಾರಿ ಸೇರಿದ 2006ರ ಮೆಲ್ಬರ್ನ್ ಕೂಟದಲ್ಲಿ ದಿವ್ಯಾ ಮತ್ತು ಪ್ರಶಾಂತಿ ಆಡಿದರು. ದಿವ್ಯಾ ಮುಂದೆ ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಕ್ರೀಡಾ ನಿರ್ವಹಣೆ ಓದಿದರು. ಪ್ರಶಾಂತಿ ಅವರಿಗೆ 2017ರಲ್ಲಿ ಅರ್ಜುನ, 2019ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು. ಸಹೋದರಿಯರ ವಯಸ್ಕ ಆಟ ಬೆಳೆದದ್ದು ಊರಿನಲ್ಲಲ್ಲ, ದೆಹಲಿಯಲ್ಲಿ. ದೂರವಾಣಿ ನಿಗಮವಾದ ಎಂಟಿಎನ್‌ಎಲ್ ಮತ್ತು ದೆಹಲಿ ರಾಜ್ಯದ ಅಂಗಿಗಳಲ್ಲಿ. ವಾರಾಣಸಿಯಲ್ಲಿ ರೈಲ್ವೆಯ ದೊಡ್ಡ ಎಂಜಿನ್ ಕಾರ್ಖಾನೆ ಇದ್ದರೂ ರಾಷ್ಟ್ರೀಯ ತಂಡಕ್ಕೆ ಏರುವ ದಾರಿ ಬೇರೆ ಊರುಗಳ ಮೂಲಕವೇ ಹಾದುಹೋಗುತ್ತಿತ್ತು.

ಪುರುಷರಲ್ಲಿ ಪ್ರಮುಖರು 1991ರಲ್ಲಿ ಜನಿಸಿದ ವಿಶೇಷ್ ಭೃಗುವಂಶಿ. ಯು.ಪಿ. ಕಾಲೇಜಿನ ಅಂಕಣದಲ್ಲಿ ಆಟ ಕಲಿತ ಇವರು ಒಎನ್‌ಜಿಸಿ ಸೇರಿ ಡೆಹ್ರಾಡೂನಿಗೆ ಹೋದರು, ಉತ್ತರಾಖಂಡದ ಪರ ಆಡಿದರು, ಭಾರತ ತಂಡದ ನಾಯಕರಾದರು. 2014ರಲ್ಲಿ ವುಹಾನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತ ಆತಿಥೇಯ ಚೀನಾವನ್ನು 65–58ರಿಂದ ಸೋಲಿಸಿದ್ದು ಇವರ ತಲೆಮಾರಿನ ದೊಡ್ಡ ಗೆಲುವು. 2017ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ಥರ್ಟಿಸಿಕ್ಸರ್ಸ್ ತಂಡ ಇವರೊಂದಿಗೆ ಒಪ್ಪಂದ ಮಾಡಿಕೊಂಡಿತು; ಆ ದೇಶದ ಎನ್‌ಬಿಎಲ್ ತಂಡವೊಂದು ಭಾರತೀಯನನ್ನು ಸೇರಿಸಿಕೊಂಡದ್ದು ಅದೇ ಮೊದಲು. 2020ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಕೌಶಲದ ದೃಷ್ಟಿಯಿಂದ ಭೃಗುವಂಶಿ ದೇಶದ ಅಗ್ರ ಆಟಗಾರರಲ್ಲಿ ಒಬ್ಬರಾಗಿದ್ದರು. ಆದರೂ ಅವರ ವೃತ್ತಿಯ ರೂಪುರೇಷೆ ಸಂಚಾರಿಯದೇ: ಹುಟ್ಟಿದ್ದು ಒಂದೆಡೆ, ನೌಕರಿ ಇನ್ನೊಂದೆಡೆ, ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಮೂರನೆಯ ಗುರುತು, ನಡುವೆ ವಿದೇಶದ ಒಪ್ಪಂದ. ಅಮೆರಿಕದಲ್ಲಿ ಇಂಥ ವೃತ್ತಿ ಮಧ್ಯಮ ದರ್ಜೆಯವರದಾದರೆ ಭಾರತದಲ್ಲಿ ನಾಯಕನದೂ ಹಾಗೆಯೇ.

ಕರ್ನಾಟಕ

ಕರ್ನಾಟಕದ ಸ್ಥಿತಿ ವಾರಾಣಸಿಗಿಂತ ಭಿನ್ನ. ಇಲ್ಲಿ ಆಟಗಾರ ಬೆಂಗಳೂರು ಬಿಡದೆಯೇ ಅಂಗಿ ಬದಲಿಸಬಹುದು. ರಾಜ್ಯ ಕ್ರೀಡಾ ಇಲಾಖೆಯ ವಸತಿ ನಿಲಯಗಳು, ಬೀಗಲ್ಸ್, ಮೌಂಟ್ಸ್ ಮೊದಲಾದ ಕ್ಲಬ್ಬುಗಳು, ಎಎಸ್‌ಸಿ ಮತ್ತು ಎಂಇಜಿ ಸೇನಾ ಕೇಂದ್ರಗಳು, ಬ್ಯಾಂಕುಗಳು ಒಂದೇ ನಗರದಲ್ಲಿವೆ. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿದ್ದ ವಿಜಯಾ ಬ್ಯಾಂಕ್ ಹಲವು ವರ್ಷ ಬಲವಾದ ತಂಡ ನಡೆಸಿತು. ಆ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ತಂಡ ಕಟ್ಟುವ ಸಂಸ್ಥೆಗಳೇ ಹೀಗೆ ಒಂದರಲ್ಲೊಂದು ಸೇರಿ ಕಡಿಮೆಯಾಗುವುದು ಇಲಾಖಾ ಮಾದರಿಯ ದೌರ್ಬಲ್ಯ. ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣ ದೇಶದ ಪ್ರಮುಖ ಅಂತರರಾಷ್ಟ್ರೀಯ ತಾಣಗಳಲ್ಲಿ ಒಂದು. 2017ರ ಜುಲೈನಲ್ಲಿ ಇಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನ ಬಿ ವಿಭಾಗದ ಫೈನಲ್‌ನಲ್ಲಿ ಭಾರತ ಕಝಾಕಸ್ತಾನವನ್ನು 75–73ರಿಂದ ಸೋಲಿಸಿತು. ಬೆಂಗಳೂರಿನ ಸಂಜನಾ ರಮೇಶ್ ಅಮೆರಿಕದ ನಾರ್ದರ್ನ್ ಅರಿಝೋನ ವಿಶ್ವವಿದ್ಯಾಲಯದ ತಂಡ ಸೇರಿ, ಕಾಲೇಜು ಆಟದ ದಾರಿಯಿಂದ ಹೊರದೇಶಕ್ಕೆ ಹೋದವರು.

ವಿದೇಶಿ ಲೀಗುಗಳಲ್ಲಿ ಭಾರತೀಯರು

ಕೇರಳ ಮೂಲದ, ದಕ್ಷಿಣ ರೈಲ್ವೆಯ ಸೆಂಟರ್ ಗೀತು ಅನ್ನಾ ಜೋಸ್ 2006ರಿಂದ ಆಸ್ಟ್ರೇಲಿಯಾದ ರಿಂಗ್‌ವುಡ್ ಹಾಕ್ಸ್ ತಂಡಕ್ಕೆ ಆಡಿದರು. 2011ರಲ್ಲಿ ಮೂರು ಡಬ್ಲ್ಯುಎನ್‌ಬಿಎ ತಂಡಗಳು ಇವರನ್ನು ಆಯ್ಕೆ ಪರೀಕ್ಷೆಗೆ ಕರೆದವು. ಆಯ್ಕೆಯಾಗದೆ ರೈಲ್ವೆ ತಂಡಕ್ಕೆ ಮರಳಿದರು. ಹೀಗೆ ಮರಳಲು ಒಂದು ಜಾಗವಿರುವುದು ಇಲಾಖಾ ನೌಕರಿಯ ವಿಶೇಷ.

ಪಂಜಾಬಿನ ಲುಧಿಯಾನ ಅಕಾಡೆಮಿಯಿಂದ ಬಂದವರು ಇನ್ನಷ್ಟು ದೂರ ಹೋದರು. ಸತ್ನಾಮ್ ಸಿಂಗ್ 2015ರ ಎನ್‌ಬಿಎ ಡ್ರಾಫ್ಟ್‌ನಲ್ಲಿ 52ನೆಯವರಾಗಿ ಡಲ್ಲಾಸ್ ಮ್ಯಾವರಿಕ್ಸ್ ಪಾಲಾದರು. ಭಾರತದಲ್ಲಿ ಹುಟ್ಟಿದವರಲ್ಲಿ ಮೊದಲಿಗರು. ಎನ್‌ಬಿಎ ಪಂದ್ಯ ಆಡುವ ಅವಕಾಶ ಒದಗಲಿಲ್ಲ. ಟೆಕ್ಸಾಸ್ ಲೆಜೆಂಡ್ಸ್, ಬಳಿಕ ಕೆನಡಾದ ಸೇಂಟ್ ಜಾನ್ಸ್ ಎಡ್ಜ್ ತಂಡಗಳಲ್ಲಿ ಆಡಿ, 2021ರಲ್ಲಿ ವೃತ್ತಿಪರ ಕುಸ್ತಿಯ ಪ್ರದರ್ಶನ ಸಂಸ್ಥೆಯೊಂದನ್ನು ಸೇರಿದರು. ಅಮ್‌ಜ್ಯೋತ್ ಸಿಂಗ್ ಜಪಾನಿನ ಟೋಕಿಯೊ ಎಕ್ಸೆಲೆನ್ಸ್ ತಂಡದಲ್ಲಿದ್ದು 2017–18ರಲ್ಲಿ ಜಿ ಲೀಗ್‌ನ ಒಕ್ಲಹೋಮಾ ಸಿಟಿ ಬ್ಲೂ ಪರ ಆಡಿದರು. ಅದೇ ಋತುವಿನಲ್ಲಿ ಅಮೃತಪಾಲ್ ಸಿಂಗ್ ಸಿಡ್ನಿ ಕಿಂಗ್ಸ್ ಪರ ಆಡಿದರು. ಪ್ರಿನ್ಸ್‌ಪಾಲ್ ಸಿಂಗ್ ಗ್ರೇಟರ್ ನೊಯಿಡಾದ ಎನ್‌ಬಿಎ ಅಕಾಡೆಮಿಯಿಂದ ಜಿ ಲೀಗ್ ಇಗ್ನೈಟ್ ತಂಡಕ್ಕೆ ಹೋಗಿ, 2021ರಲ್ಲಿ ಎನ್‌ಬಿಎಯ ಬೇಸಿಗೆ ಲೀಗ್ ಗೆದ್ದ ಸ್ಯಾಕ್ರಮೆಂಟೊ ಕಿಂಗ್ಸ್ ತಂಡದಲ್ಲಿದ್ದರು.

ಭಾರತೀಯ ಮೂಲದವರಲ್ಲಿ ಎನ್‌ಬಿಎ ಪಂದ್ಯ ಆಡಿದ ಮೊದಲಿಗ ಕೆನಡಾದ ಸಿಮ್ ಭುಲ್ಲರ್. 2015ರ ಏಪ್ರಿಲ್‌ನಲ್ಲಿ ಸ್ಯಾಕ್ರಮೆಂಟೊ ಇವರನ್ನು ಕರೆದದ್ದು ಹತ್ತು ದಿನಗಳ ಒಪ್ಪಂದದ ಮೇಲೆ. ಮುಂದೆ ತೈವಾನ್ ಲೀಗುಗಳಲ್ಲಿ ಆಡಿದರು. ಇಂಥವರು ಭಾರತ ತಂಡಕ್ಕೆ ಆಡುವಂತಿಲ್ಲ: ಇಮ್ಮಡಿ ಪೌರತ್ವಕ್ಕೆ ಅವಕಾಶವಿಲ್ಲದ ದೇಶದಲ್ಲಿ, ಭಾರತೀಯ ಪಾಸ್‌ಪೋರ್ಟ್ ಇದ್ದವರಷ್ಟೇ ರಾಷ್ಟ್ರವನ್ನು ಪ್ರತಿನಿಧಿಸಬೇಕೆಂದು ಕ್ರೀಡಾ ಸಚಿವಾಲಯ 2008ರಲ್ಲಿ ನಿಯಮ ಮಾಡಿದೆ. ಫಿಬಾ ಪ್ರತಿ ತಂಡಕ್ಕೆ ಒಬ್ಬ ಪೌರತ್ವ ಪಡೆದ ಆಟಗಾರನನ್ನು ಬಿಡುವುದರಿಂದ ಏಷ್ಯಾದ ಹಲವು ತಂಡಗಳು ಅಮೆರಿಕದ ಸಂಚಾರಿಗಳಿಂದ ಬಲ ಪಡೆದಿವೆ. ಭಾರತಕ್ಕೆ ಆ ದಾರಿ ಹೆಚ್ಚುಕಡಿಮೆ ಮುಚ್ಚಿದೆ.

ಗಾಯ ಮತ್ತು ನಿವೃತ್ತಿ

ನೆಗೆತ ಮತ್ತು ಹಠಾತ್ ತಿರುವುಗಳ ಆಟವಾದ್ದರಿಂದ ಹೆಚ್ಚಿನ ಗಾಯಗಳು ಕಣಕಾಲು ಮತ್ತು ಮೊಣಕಾಲಿನವು. ಮೊಣಕಾಲಿನ ಅಡ್ಡ ಅಸ್ಥಿರಜ್ಜು ಹರಿದರೆ ಶಸ್ತ್ರಚಿಕಿತ್ಸೆ ಸೇರಿ ಚೇತರಿಕೆಗೆ ಒಂಬತ್ತು ತಿಂಗಳಿಂದ ಒಂದು ವರ್ಷ ಬೇಕು. ಒಂದು ಋತುವಿನ ಒಪ್ಪಂದದ ಮೇಲೆ ಬದುಕುವವನಿಗೆ ಇದು ಹೆಚ್ಚುಕಡಿಮೆ ವೃತ್ತಿಯ ಅಂತ್ಯ. ಇಲಾಖಾ ಆಟಗಾರನಿಗೆ ಮೇಜಿನ ಕೆಲಸ ಉಳಿದಿರುತ್ತದೆ. ಸಂಚಾರಿಗಳು ಸಾಮಾನ್ಯವಾಗಿ ಮೂವತ್ತೈದರ ಆಸುಪಾಸಿನಲ್ಲಿ ನಿಲ್ಲುತ್ತಾರೆ. ಹಲವು ತರಬೇತುದಾರರ ಕ್ರಮಗಳನ್ನು ಕಂಡಿರುವುದರಿಂದ ತರಬೇತಿ, ಆಟಗಾರರ ಆಯ್ಕೆ, ಏಜೆಂಟ್ ವೃತ್ತಿ ಅವರಿಗೆ ಹತ್ತಿರ. ಭಾರತದಲ್ಲಿ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಪಡೆದು ತರಬೇತುದಾರರಾಗುವುದು ರೂಢಿಯ ದಾರಿ.

ಈಗಿನ ಸ್ಥಿತಿ

2010ರಲ್ಲಿ ಫೆಡರೇಶನ್ ಮತ್ತು ಐಎಂಜಿ ರಿಲಯನ್ಸ್ ನಡುವೆ ಮೂವತ್ತು ವರ್ಷಗಳ ಒಪ್ಪಂದವಾದಾಗ ವೃತ್ತಿಪರ ಲೀಗಿನ ನಿರೀಕ್ಷೆ ಇತ್ತು, ಲೀಗು ಬರಲಿಲ್ಲ. 2015ರಲ್ಲಿ ಅಮೆರಿಕದ ಹೂಡಿಕೆಯ ಯುಬಿಎ ಆರಂಭವಾಯಿತು. ಬೆಂಗಳೂರು ಬೀಸ್ಟ್, ಚೆನ್ನೈ ಸ್ಲ್ಯಾಮ್, ಪಂಜಾಬ್ ಸ್ಟೀಲರ್ಸ್ ಮೊದಲಾದ ತಂಡಗಳೊಂದಿಗೆ ನಾಲ್ಕು ಋತು ನಡೆದು 2017ರಲ್ಲಿ ನಿಂತಿತು. 2018ರಲ್ಲಿ ಮೂವರ ಆಟದ 3ಬಿಎಲ್ ಬಂತು. ಫೆಡರೇಶನ್ ತಾನೇ 2022ರಲ್ಲಿ ಐಎನ್‌ಬಿಎಲ್ ಆರಂಭಿಸಿತು. ಐವರ ಆಟದ ಅದರ ಮೊದಲ ಋತುವಿನಲ್ಲಿ ಬೆಂಗಳೂರು ಕಿಂಗ್ಸ್ ಸೇರಿ ಆರು ನಗರ ತಂಡಗಳು ಆಡಿ, ಚೆನ್ನೈ ಹೀಟ್ ಗೆದ್ದಿತು. 2025ರಲ್ಲಿ 25 ವರ್ಷದೊಳಗಿನವರಿಗಾಗಿ ಇದರದೇ ಇನ್ನೊಂದು ರೂಪ ನಡೆಯಿತು. ಈ ಲೀಗುಗಳ ಋತು ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳುಗಳಲ್ಲಿ ಮುಗಿಯುತ್ತದೆ. ವರ್ಷವಿಡೀ ಜೀವನ ನಡೆಸುವ ಸಂಬಳ ಅವುಗಳಿಂದ ಹುಟ್ಟದ ಕಾರಣ ಆಟಗಾರರು ಇಲಾಖೆಯ ಅನುಮತಿ ಪಡೆದು ಆಡಿ ಹಿಂದಿರುಗುತ್ತಾರೆ.

ಮೂವರ ಆಟ ಸಂಚಾರಿಗಳಿಗೆ ಹೊಸ ದಾರಿ ತೆರೆದಿದೆ. 15 ಮೀಟರ್ ಅಗಲ, 11 ಮೀಟರ್ ಉದ್ದದ ಅರ್ಧ ಅಂಕಣ, ಬದಲಿಯೂ ಸೇರಿ ತಂಡಕ್ಕೆ ನಾಲ್ವರು, ಹತ್ತು ನಿಮಿಷ ಅಥವಾ 21 ಅಂಕ ಇದರ ಚೌಕಟ್ಟು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿಯೂ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿಯೂ ಅದು ಮೊದಲ ಬಾರಿಗೆ ಸೇರಿತು. ಇಲ್ಲಿ ಫಿಬಾದ ಶ್ರೇಯಾಂಕದ ಅಂಕಗಳು ಆಟಗಾರನ ವೈಯಕ್ತಿಕ ಖಾತೆಗೆ ಸೇರುತ್ತವೆ. ಹೀಗಾಗಿ ನಾಲ್ವರು ಕೂಡಿ ತಂಡ ಕಟ್ಟಿಕೊಂಡು ಊರಿಂದೂರಿಗೆ ಪಂದ್ಯಾವಳಿ ಆಡಲು ಫ್ರಾಂಚೈಸಿಯ ಹಂಗು ಬೇಕಿಲ್ಲ.